ಹಳೆಯ ಸೌಂಡ್ ಕಾರ್ಡಿಗೆ ಡ್ರೈವರ್: ಯಾವ ದಾರಿ ಯಾರಿಗೆ?

ಕಳೆದ ಆಟಿಯ ಮಳೆಯಲ್ಲಿ ಮಾವ ಮಂಗಳೂರಿನಿಂದ ಉಡುಪಿಗೆ ಬರುವಾಗ ಕಾರಿನ ಡಿಕ್ಕಿಯಲ್ಲಿ ಎರಡು ಸಾಮಾನು ತಂದಿದ್ದರು. ಒಂದು, ಪೆಂಟಿಯಂ 3 ಕಾಲದ ಕಂಪ್ಯೂಟರ್. ಇನ್ನೊಂದು, ತಾಳಮದ್ದಲೆಯ ಕ್ಯಾಸೆಟ್ ತುಂಬಿದ ರಟ್ಟಿನ ಪೆಟ್ಟಿಗೆ. "ಇದರಲ್ಲಿ ಶಬ್ದವೇ ಬರುದಿಲ್ಲ ಮಾರಾಯ. ಡ್ರೈವರ್ ಇಲ್ಲ ಅಂತ ತೋರಿಸ್ತದೆ. ಕ್ಯಾಸೆಟ್ ಎಲ್ಲ ಹಾಳಾಗುವ ಮೊದಲು ಇಳಿಸಿಡ್ಬೇಕು" ಎಂದರು. ಪಕ್ಕದಲ್ಲಿ ನಿಂತಿದ್ದ ಅವರ ಮಗನಿಗೆ ಕ್ಯಾಸೆಟ್ ಬೇಕಿರಲಿಲ್ಲ. ಅದೇ ಯಂತ್ರದಲ್ಲಿ ಡಾಸ್ (ವಿಂಡೋಸ್‌ಗಿಂತ ಮೊದಲಿನ ಕಾರ್ಯವ್ಯವಸ್ಥೆ) ಕಾಲದ ಹಳೆಯ ಆಟಗಳನ್ನು ಅಸಲಿ ಸದ್ದಿನೊಂದಿಗೆ ಆಡಬೇಕಿತ್ತು.

ಯಂತ್ರ ಒಂದೇ, ಕೆಲಸ ಎರಡು. ಆ ಎರಡು ಕೆಲಸಕ್ಕೆ ಬೇಕಾದ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಂ) ಬೇರೆ ಬೇರೆ, ಅದು ಸಿಗುವ ಜಾಗವೂ ಬೇರೆ. ಕೊನೆಗೆ ಕಾರ್ಡು ಕೂಡ ಎರಡಾಯಿತು. "ಹಳೇ ಕಾರ್ಡಿಗೆ ಡ್ರೈವರ್ ಎಲ್ಲಿ ಸಿಗ್ತದೆ?" ಎಂದು ನನ್ನನ್ನು ಕೇಳುವವರಿಗೆಲ್ಲ ನಾನು ಮೊದಲು ಕೇಳುವುದು ಎರಡು ಪ್ರಶ್ನೆ. ಚಿಪ್ ಯಾವುದು? ಅದರಿಂದ ನಿಮಗೆ ಎಂತ ಮಾಡಿಸಬೇಕು? ಇವೆರಡಕ್ಕೆ ಉತ್ತರ ಸಿಗುವ ಮೊದಲು ಏನನ್ನೂ ಡೌನ್‌ಲೋಡ್ ಮಾಡಬೇಡಿ.

ಪೆಟ್ಟಿಗೆಯ ಹೆಸರು ಬಿಡಿ, ಚಿಪ್ ನೋಡಿ

ಬಂದರು ಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಕಾರ್ಡುಗಳ ರಾಶಿ ಕೆದಕುವಾಗ ಅಂಗಡಿಯವರು ಹೇಳಿದ್ದು, "ಎಲ್ಲ ಸೌಂಡ್ ಬ್ಲಾಸ್ಟರೇ ಅಣ್ಣ, ಯಾವುದಾದ್ರೂ ತಕೊಳ್ಳಿ." ಸೌಂಡ್ ಬ್ಲಾಸ್ಟರ್ ಎಂಬುದು ಕ್ರಿಯೇಟಿವ್ ಕಂಪನಿಯ ಕಾರ್ಡುಗಳ ಹೆಸರು, ಆದರೂ ಅವರ ಮಾತಿಗೂ ಒಂದು ಕಾರಣ ಉಂಟು. 1990ರ ದಶಕದಲ್ಲಿ ಪೇಟೆಗೆ ಬಂದ ಹೆಚ್ಚಿನ ಕಾರ್ಡುಗಳ ಪೆಟ್ಟಿಗೆಯ ಮೇಲೆ "ಸೌಂಡ್ ಬ್ಲಾಸ್ಟರ್‌ಗೆ ಹೊಂದುತ್ತದೆ" ಎಂದು ಬರೆದಿರುತ್ತಿತ್ತು. ಆದರೆ ಡ್ರೈವರ್ ಕೂರುವುದು ಚಿಪ್ ನೋಡಿ.

ಕಾರ್ಡಿನ ಮೇಲಿನ ಅತಿ ದೊಡ್ಡ ಚೌಕ ಚಿಪ್ ಮೇಲೆ ಬರೆದದ್ದನ್ನು ಟಾರ್ಚ್ ಹಿಡಿದು ಓದಿ. ಇಎಸ್1868 ಎಂದಿದ್ದರೆ ಅದು ಇಎಸ್ಎಸ್ ಕಂಪನಿಯ ಆಡಿಯೋಡ್ರೈವ್. ವೈಎಂಎಫ್719 ಎಂದಿದ್ದರೆ ಯಮಾಹಾ. ಸಿಎಸ್4236 ಎಂದಿದ್ದರೆ ಕ್ರಿಸ್ಟಲ್. ಸಿಎಂಐ8738 ಎಂದಿದ್ದರೆ ಸಿ-ಮೀಡಿಯಾ. ಕ್ರಿಯೇಟಿವ್ ಕಂಪನಿಯ ಕಾರ್ಡಾದರೆ ಬೋರ್ಡಿನ ಮೇಲೆ ಸಿಟಿ ಅಥವಾ ಎಸ್‌ಬಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದೇ ಅದರ ಗುರುತು. ನಮ್ಮ ಊರಿನ ಉಪ್ಪುಗಾಳಿಗೆ, ಧೂಳಿಗೆ ಅಕ್ಷರ ಮಾಸಿದ್ದರೆ ಕಾರ್ಡನ್ನು ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಹಿಂಬದಿಯಲ್ಲಿ ಎಫ್‌ಸಿಸಿ ಐಡಿ ಇದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಅದರ ಮೊದಲ ಮೂರು ಅಕ್ಷರ ತಯಾರಕರ ಗುರುತು. ಕ್ರಿಯೇಟಿವ್‌ಗೆ ಅದು ಐಬಿಎ.

ಪಿಸಿಐ ಎಂಬ ಬಗೆಯ ಸ್ಲಾಟಿಗೆ ಕೂರುವ ಕಾರ್ಡಿಗೆ ಇನ್ನೂ ಸುಲಭದ ದಾರಿ ಉಂಟು. ಯಂತ್ರ ಆನ್ ಆಗುವಾಗ ವಿಂಡೋಸ್ ಶುರುವಾಗುವ ಮೊದಲು, ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಂ ಆದ ಅನೇಕ ಹಳೆಯ ಬಯೋಸ್‌ಗಳು ಪಿಸಿಐ ಸಾಧನಗಳ ಪಟ್ಟಿಯನ್ನು ಒಂದು ಕ್ಷಣ ತೋರಿಸುತ್ತವೆ. ಆಗ ಪಾಸ್ (Pause) ಕೀಲಿ ಒತ್ತಿ ನಿಲ್ಲಿಸಿ. ಪ್ರತಿ ಸಾಧನದ ಎದುರು ನಾಲ್ಕು ನಾಲ್ಕು ಅಂಕಿಯ ಎರಡು ಸಂಖ್ಯೆ ಕಾಣುತ್ತದೆ. ಮೊದಲನೆಯದು ತಯಾರಕರದ್ದು, ಎರಡನೆಯದು ಚಿಪ್‌ನದ್ದು. 1102 ಕ್ರಿಯೇಟಿವ್, 1274 ಎನ್ಸೋನಿಕ್, 1073 ಯಮಾಹಾ, 125ಡಿ ಇಎಸ್ಎಸ್. ಲಿನಕ್ಸ್‌ನಲ್ಲಾದರೆ ಎಲ್‌ಎಸ್‌ಪಿಸಿಐ (lspci -nn) ಆಜ್ಞೆ ಇದನ್ನೇ ಹೇಳುತ್ತದೆ.

ಮಾವನ ಯಂತ್ರದ ಕಾರ್ಡಿನಲ್ಲಿ ಕ್ರಿಯೇಟಿವ್ ಎಂದು ದೊಡ್ಡದಾಗಿ ಬರೆದಿತ್ತು, ಪರದೆಯಲ್ಲಿ ಬಂದದ್ದು 1274. ತಪ್ಪೇನೂ ಅಲ್ಲ. ಕ್ರಿಯೇಟಿವ್ ಕಂಪನಿ 1998ರಲ್ಲಿ ಎನ್ಸೋನಿಕ್ ಅನ್ನು ಕೊಂಡುಕೊಂಡು, ಅದರ ಆಡಿಯೋಪಿಸಿಐ ಚಿಪ್ ಅನ್ನೇ ತನ್ನ ಹೆಸರಿನ ಅಗ್ಗದ ಪಿಸಿಐ ಕಾರ್ಡುಗಳಲ್ಲಿ ಬಳಸಿತು. ಇದು ಗೊತ್ತಿಲ್ಲದೆ ಯಾರೋ ಸೌಂಡ್ ಬ್ಲಾಸ್ಟರ್ ಲೈವ್‌ನ ಡ್ರೈವರ್ ಹಾಕಲು ಹೋಗಿ ಕೈಚೆಲ್ಲಿದ್ದರು. ಆ ಫೋಲ್ಡರ್ ಹಾಗೇ ಉಳಿದಿತ್ತು.

ಲೈವ್ ಎಂಬ ಹೆಸರಿನೊಳಗೂ ಗೊಂದಲ ಕಡಿಮೆಯಿಲ್ಲ. ಹೆಚ್ಚಿನ ಲೈವ್ ಕಾರ್ಡುಗಳಲ್ಲಿ ಇಎಂಯು10ಕೆ1 ಚಿಪ್ ಇರುತ್ತದೆ, ಬಯೋಸ್ ಪಟ್ಟಿಯಲ್ಲಿ 1102 ಮತ್ತು 0002. ಆದರೆ ಡೆಲ್ ಯಂತ್ರಗಳ ಜೊತೆ ಬಂದ ಎಸ್‌ಬಿ0200 ಕಾರ್ಡಿನ ಚಿಪ್ ಇಎಂಯು10ಕೆ1ಎಕ್ಸ್, ಸಂಖ್ಯೆ 1102 ಮತ್ತು 0006. ಕೊನೆಯ ಒಂದಕ್ಷರದ ವ್ಯತ್ಯಾಸ ಅಷ್ಟೆ, ಸಾಮಾನ್ಯ ಲೈವ್ ಡ್ರೈವರ್ ಇದಕ್ಕೆ ಕೂರುವುದಿಲ್ಲ. ಗುಜರಿಯಲ್ಲಿ ಲೈವ್ ಕಂಡರೆ ಬೋರ್ಡಿನ ಸಂಖ್ಯೆ ನೋಡಿಯೇ ದುಡ್ಡು ಕೊಡಿ.

ಡಾಸ್‌ನಲ್ಲಿ "ಡ್ರೈವರ್" ಅಂದರೆ ಬೇರೆಯೇ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ವಿಂಡೋಸ್‌ನಲ್ಲಿ ಪ್ರೋಗ್ರಾಂ ವಿಂಡೋಸ್‌ಗೆ ಹೇಳುತ್ತದೆ, ವಿಂಡೋಸ್ ಡ್ರೈವರ್‌ಗೆ, ಡ್ರೈವರ್ ಕಾರ್ಡಿಗೆ. ಡಾಸ್ ಆಟಗಳಿಗೆ ಈ ನಡುವಿನವರು ಯಾರೂ ಇಲ್ಲ. ಆಟವೇ ನೇರವಾಗಿ ಕಾರ್ಡಿನ ವಿಳಾಸಕ್ಕೆ ಬರೆಯುತ್ತದೆ. ಅದಕ್ಕೆ ತಿಳಿಯಬೇಕಾದದ್ದು ಕಾರ್ಡ್ ಯಾವ ವಿಳಾಸದಲ್ಲಿದೆ, ಯಾವ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗೆರೆ), ಯಾವ ಡಿಎಂಎ (ಮೆಮೊರಿಯಿಂದ ಸದ್ದು ನೇರವಾಗಿ ಕಾರ್ಡಿಗೆ ಸಾಗುವ ದಾರಿ) ಎಂಬುದು ಮಾತ್ರ. ಅದನ್ನು ಹೇಳುವುದೇ, ಡಾಸ್ ಶುರುವಾಗುವಾಗ ಓದುವ ಆಟೋಎಕ್ಸೆಕ್ ಕಡತದಲ್ಲಿನ ಬ್ಲಾಸ್ಟರ್ ಸಾಲು: ಎ220 ಐ5 ಡಿ1 ಎಚ್5 ಟಿ6. ವಿಳಾಸ 220, ಐಆರ್‌ಕ್ಯೂ 5, ಎಂಟು ಬಿಟ್ಟಿನ ಡಿಎಂಎ 1, ಹದಿನಾರು ಬಿಟ್ಟಿನ ಡಿಎಂಎ 5. ಕೊನೆಯ 6 ಎಂದರೆ ಕಾರ್ಡ್ ಸೌಂಡ್ ಬ್ಲಾಸ್ಟರ್ 16ರ ಜಾತಿಯದ್ದು.

ಹಾಗಾಗಿ ಜಂಪರ್ (ಪಿನ್ನುಗಳಿಗೆ ತೊಡಿಸಿ ಸೆಟ್ಟಿಂಗ್ ಬದಲಿಸುವ ಸಣ್ಣ ತುಂಡು) ಇರುವ ಹಳೆಯ ಐಎಸ್‌ಎ (ಪಿಸಿಐಗಿಂತ ಮೊದಲಿನ ಸ್ಲಾಟ್) ಕಾರ್ಡಿಗೆ ಡಾಸ್‌ನಲ್ಲಿ ಆಟವಾಡಲು ಡ್ರೈವರ್ ಹುಡುಕಿ ಸುತ್ತುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಆ ಒಂದು ಸಾಲು, ಸದ್ದು ಏರಿಸಿ ಇಳಿಸಲು ಒಂದು ಮಿಕ್ಸರ್, ಅಷ್ಟು ಸಾಕು. ಪ್ಲಗ್ ಆಂಡ್ ಪ್ಲೇ ಬಗೆಯ ಐಎಸ್‌ಎ ಕಾರ್ಡಾದರೆ ಅದನ್ನು ಎಬ್ಬಿಸಿ, ವಿಳಾಸ ಹಂಚಿಕೊಡುವ ಸಣ್ಣ ಪ್ರೋಗ್ರಾಂ ಬೇಕು. ಕ್ರಿಯೇಟಿವ್ ಕಾರ್ಡುಗಳಿಗೆ ಸಿಟಿಸಿಎಂ ಎಂಬುದು ಈ ಕೆಲಸ ಮಾಡುತ್ತಿತ್ತು.

ಪಿಸಿಐ ಕಾರ್ಡಿನ ಕತೆ ಕಷ್ಟದ್ದು. ಐಎಸ್‌ಎ ಬಸ್‌ನಲ್ಲಿದ್ದ ಡಿಎಂಎ ವ್ಯವಸ್ಥೆ ಪಿಸಿಐನಲ್ಲಿ ಹಾಗೇ ಇಲ್ಲ. ಆದ್ದರಿಂದ ಅಲ್ಲಿ ಇಲ್ಲದ ಸೌಂಡ್ ಬ್ಲಾಸ್ಟರ್ ಇದೆ ಎಂಬಂತೆ ಡಾಸ್ ಡ್ರೈವರೇ ನಟಿಸಬೇಕು. ಆಡಿಯೋಪಿಸಿಐಗೂ ಲೈವ್‌ಗೂ ಇಂಥ ಡಾಸ್ ಡ್ರೈವರ್ ಉಂಟು, ಆದರೆ ಅದು ಇಎಂಎಂ386 ಮೆಮೊರಿ ಮ್ಯಾನೇಜರ್ ಮೇಲೆ ನಿಂತಿರುತ್ತದೆ. ಇಎಂಎಂ386 ಇದ್ದರೆ ಓಡದ ಆಟಗಳಿವೆ. ಓಡಿದರೂ ಎಫ್‌ಎಂ ಸಂಗೀತ (ರೇಡಿಯೋ ಅಲ್ಲ, ಕಾರ್ಡಿನ ಚಿಪ್ಪೇ ಹುಟ್ಟಿಸುವ ಸದ್ದು) ಮೂಲದ ಹಾಗೆ ಕೇಳುವುದಿಲ್ಲ. ಮಾವನ ಮಗನಿಗೆ ನಾನು ಆ ಡ್ರೈವರ್ ಹುಡುಕಿಕೊಡಲೇ ಇಲ್ಲ. ಬೋರ್ಡಿನಲ್ಲಿ ಐಎಸ್‌ಎ ಸ್ಲಾಟ್ ಖಾಲಿ ಇತ್ತು, ಗುಜರಿಯಿಂದ ಇಎಸ್1868 ತಂದು ಹಾಕಿದೆ. ಕಾರ್ಡ್ ಬದಲಿಸುವುದೂ ಒಂದು ದಾರಿ. ಡಾಸ್ ಆಟವೇ ಮುಖ್ಯ, ಬೋರ್ಡಿನಲ್ಲಿ ಐಎಸ್‌ಎ ಸ್ಲಾಟ್ ಉಂಟು ಎಂದಾದರೆ ಪಿಸಿಐ ಡಾಸ್ ಡ್ರೈವರ್ ಹಿಂದೆ ವಾರಗಟ್ಟಲೆ ಅಲೆಯುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ದಾರಿಗಳನ್ನು ತೂಗಿ ನೋಡೋಣ

ಕಾರ್ಡಿನ ಜೊತೆ ಬಂದ ಮೂಲ ಸಿಡಿ ಕೈಯಲ್ಲಿದ್ದರೆ ಮೊದಲು ಅದರ ನಕಲು ಮಾಡಿಡಿ, ಬಳಸುವ ಮಾತು ಆಮೇಲೆ. ಕರಾವಳಿಯ ತೇವಕ್ಕೆ ಸಿಡಿ ಮೇಲೆ ಬೂಷ್ಟು ಹಿಡಿಯುತ್ತದೆ, ಫ್ಲಾಪಿಯ ಒಳಗಂತೂ ಬೇಗ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ಡ್ರೈವ್‌ಗೆ ತುರುಕಿದರೆ ಡ್ರೈವ್‌ನ ಹೆಡ್ಡೂ ಹಾಳು. ಇನ್ನು ಸಿಡಿಯ ಅಗತ್ಯ ಕಾರ್ಡಿನ ಮೇಲೆ ನಿಂತಿದೆ. ಲೈವ್‌ನಂಥ ಕಾರ್ಡಿಗೆ ಅದು ಬಂಗಾರ. ಆ ಸಾಲಿನ ಕಾರ್ಡುಗಳಿಗೆ ಆಮೇಲೆ ಬಂದ ಡೌನ್‌ಲೋಡ್‌ಗಳಲ್ಲಿ ಹಲವು ಬರೀ ಅಪ್‌ಡೇಟ್‌ಗಳು, ಮೂಲ ಸಿಡಿಯಿಂದ ಹಾಕಿದ ಸಾಫ್ಟ್‌ವೇರ್ ಮೊದಲೇ ಇಲ್ಲದಿದ್ದರೆ ಅವು ಮುಂದುವರಿಯುವುದಿಲ್ಲ. ಇಎಸ್ಎಸ್, ಯಮಾಹಾ, ಸಿ-ಮೀಡಿಯಾದಂಥ ಸರಳ ಕಾರ್ಡಿಗೆ ಸಿಡಿ ಇಲ್ಲದಿದ್ದರೆ ಏನೂ ಕಳೆದುಕೊಂಡ ಹಾಗಲ್ಲ. ಅದೇ ಚಿಪ್ ಇರುವ ಬೇರೆ ಬ್ರ್ಯಾಂಡಿನ ಡ್ರೈವರ್ ಕೂಡ ಹೆಚ್ಚಾಗಿ ಹೊಂದುತ್ತದೆ.

ವಿಂಡೋಸ್ ಜೊತೆಗೇ ಬರುವ ಡ್ರೈವರನ್ನು ಜನ ಕಡೆಗಣಿಸುತ್ತಾರೆ, ಅದು ನನಗೆ ಬೇಸರದ ಸಂಗತಿ. ವಿಂಡೋಸ್ 95 ಮತ್ತು 98ರ ಸಿಡಿಯಲ್ಲೇ ಸೌಂಡ್ ಬ್ಲಾಸ್ಟರ್ 16ಕ್ಕೆ ಡ್ರೈವರ್ ಉಂಟು. ಎಕ್ಸ್‌ಪಿಯಲ್ಲಿ ಎನ್ಸೋನಿಕ್ ಆಡಿಯೋಪಿಸಿಐ ಸಾಲಿನ ಇಎಸ್1371 ಚಿಪ್‌ಗೂ, ಸೌಂಡ್ ಬ್ಲಾಸ್ಟರ್ ಲೈವ್‌ಗೂ ಉಂಟು. ಬಣ್ಣದ ಕಂಟ್ರೋಲ್ ಪ್ಯಾನೆಲ್ ಇರುವುದಿಲ್ಲ, ವಿಶೇಷ ಎಫೆಕ್ಟ್‌ಗಳಿಲ್ಲ. ಆದರೆ ಕ್ಯಾಸೆಟ್ ಇಳಿಸಲು ಬೇಕಾದ ಲೈನ್-ಇನ್ ಮತ್ತು ರೆಕಾರ್ಡಿಂಗ್ ಇರುತ್ತದೆ. ಹಾಗಾಗಿ ಮಾವನ ಯಂತ್ರಕ್ಕೆ ಎಕ್ಸ್‌ಪಿ ಹಾಕಿದೆವು. ಪಿಸಿಐ ಕಾರ್ಡ್ ತಾನಾಗಿಯೇ ಎದ್ದಿತು, ಒಂದು ಕಡತವನ್ನೂ ಹುಡುಕಬೇಕಾಗಿ ಬರಲಿಲ್ಲ. ಆಟಕ್ಕೆಂದು ಪಕ್ಕದ ಪಾರ್ಟಿಶನ್‌ನಲ್ಲಿ 98 ಉಳಿಸಿಕೊಂಡೆವು.

ವಿಂಡೋಸ್ 98ನಲ್ಲಿ ಮಾತ್ರ ಇನ್ನೊಂದು ಆಯ್ಕೆ ಎದುರಾಗುತ್ತದೆ. ಒಂದೇ ಕಾರ್ಡಿಗೆ ವಿಎಕ್ಸ್‌ಡಿ ಮತ್ತು ಡಬ್ಲ್ಯುಡಿಎಂ ಎಂಬ ಎರಡು ಬಗೆಯ ಡ್ರೈವರ್ ಸಿಗಬಹುದು. ಡಬ್ಲ್ಯುಡಿಎಂ ಹೊಸದು, ಹಾಗೆಂದು ಅದೇ ಒಳ್ಳೆಯದು ಎಂದು ತಿಳಿಯಬೇಡಿ. ವಿಂಡೋಸ್ ಒಳಗಿನ ಡಾಸ್ ಕಿಟಕಿಯಲ್ಲಿ ಆಟ ಆಡುವವರು ನೀವಾದರೆ ವಿಎಕ್ಸ್‌ಡಿಯನ್ನೇ ಆರಿಸಿ. ಐಎಸ್‌ಎ ಕಾಲದ ಕಾರ್ಡಿಗಂತೂ ನಾನು ಎರಡನೇ ಯೋಚನೆ ಮಾಡುವುದಿಲ್ಲ.

ತಯಾರಕರ ಜಾಲತಾಣದಲ್ಲಿ ಹಳೆಯ ಕಡತ ಸಿಗುವುದು ಈಗ ಅಪರೂಪ. ಕೆಲವು ಕಂಪನಿಗಳೇ ಉಳಿದಿಲ್ಲ. ವೋರ್ಟೆಕ್ಸ್ ಚಿಪ್ ಮಾಡಿದ ಆರಿಯಲ್ 2000ದಲ್ಲಿ ದಿವಾಳಿಯಾಗಿ ಅದರ ಸೊತ್ತು ಕ್ರಿಯೇಟಿವ್ ಪಾಲಾಯಿತು. ಅಂಥಲ್ಲಿ ಇಂಟರ್ನೆಟ್ ಆರ್ಕೈವ್ ಕೈ ಹಿಡಿಯುತ್ತದೆ. ಅದರಲ್ಲಿ ಎರಡು ಬಗೆ ಎಂದು ನೆನಪಿಡಿ. ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟ ಕಾಣುತ್ತದೆ, ಆದರೆ ಪುಟದಲ್ಲಿರುವ ಜಿಪ್ ಕಡತ ಅನೇಕ ಸಲ ಉಳಿದಿರುವುದಿಲ್ಲ. ಇನ್ನೊಂದು, ಜನರೇ ಏರಿಸಿಟ್ಟ ಪೂರ್ತಿ ಡ್ರೈವರ್ ಸಿಡಿಗಳ ಐಎಸ್‌ಒ (ಇಡೀ ಸಿಡಿಯ ನಕಲು ಕಡತ). ಲೈವ್‌ನಂಥ ಕಾರ್ಡಿನ ಮೂಲ ಸಿಡಿ ಕಳೆದುಕೊಂಡವರು ಎರಡನೆಯದರಲ್ಲೇ ಹುಡುಕಬೇಕು, ಬೋರ್ಡಿನ ಸಂಖ್ಯೆಯನ್ನೇ ಕೊಟ್ಟು.

ನಾನು ಅತಿ ಹೆಚ್ಚು ನಂಬುವುದು ವೋಗನ್ಸ್ ಡ್ರೈವರ್ ಲೈಬ್ರರಿಯನ್ನು. ಹಳೆಯ ಯಂತ್ರಗಳನ್ನು ಇಟ್ಟುಕೊಂಡವರೇ ಕೂಡಿಸಿಟ್ಟ ಸಂಗ್ರಹ ಅದು. ತಯಾರಕರ ಹೆಸರಿನಂತೆ ವಿಂಗಡಿಸಿದ್ದಾರೆ. ಇಎಸ್1868ಕ್ಕೆ ವಿಂಡೋಸ್ 98ರ ಡ್ರೈವರ್ ನಾನು ತಂದದ್ದು ಅಲ್ಲಿಂದ.

ಅದೇ ಕಾರ್ಡಿಗೆ ಡಾಸ್‌ನಲ್ಲಿ ಹಾಕಿದ್ದು ಯುನಿಸೌಂಡ್. ಪ್ಲಗ್ ಆಂಡ್ ಪ್ಲೇ ಐಎಸ್‌ಎ ಕಾರ್ಡ್ ಇರುವವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಕ್ರಿಯೇಟಿವ್, ಇಎಸ್ಎಸ್, ಯಮಾಹಾ, ಕ್ರಿಸ್ಟಲ್, ಆಪ್ಟಿ ಎಂದು ಬೇರೆ ಬೇರೆ ಚಿಪ್‌ಗಳನ್ನು ಈ ಒಂದೇ ಸಣ್ಣ ಪ್ರೋಗ್ರಾಂ ಗುರುತಿಸುತ್ತದೆ, ಬ್ಲಾಸ್ಟರ್ ಸಾಲು ಓದಿ ಕಾರ್ಡನ್ನು ಹಾಗೇ ಹೊಂದಿಸುತ್ತದೆ, ಕೆಲಸ ಮುಗಿಸಿ ಮೆಮೊರಿಯಿಂದ ಹೊರಟುಹೋಗುತ್ತದೆ. ಡಾಸ್‌ನ 640 ಕೆಬಿಯಲ್ಲಿ ಜಾಗ ಉಳಿಸುವುದು ಎಷ್ಟು ಮುಖ್ಯ ಎಂದು ಆಡಿದವರಿಗೆ ಗೊತ್ತು. ಕಂಪನಿಯದ್ದೇ ಡಾಸ್ ಪ್ಯಾಕೇಜ್ ಬೇಕೆನ್ನುವವರು ಹಾಕಿಕೊಳ್ಳಲಿ. ಆದರೆ ಬರೀ ಆಟಕ್ಕೆ ಅಷ್ಟು ಭಾರದ್ದು ಬೇಡ ಎಂಬುದು ನನ್ನ ಅಭಿಪ್ರಾಯ. ಒಂದು ಮಾತು ಗಮನದಲ್ಲಿರಲಿ: ಇಎಸ್1868 ಹೊಂದುವುದು ಸೌಂಡ್ ಬ್ಲಾಸ್ಟರ್ ಪ್ರೊಗೆ, 16ಕ್ಕೆ ಅಲ್ಲ. ಆಟದ ಸೆಟಪ್‌ನಲ್ಲಿ ಪ್ರೊ ಆರಿಸಿ, ಬ್ಲಾಸ್ಟರ್ ಸಾಲಿನಲ್ಲಿ ಟಿ4 ಬರೆಯಿರಿ. 16 ಆರಿಸಿ ಸದ್ದಿಲ್ಲ ಎಂದು ಕಾರ್ಡನ್ನೇ ಬಿಸಾಡಿದವರನ್ನು ನೋಡಿದ್ದೇನೆ.

ಲಿನಕ್ಸ್ ಬಗ್ಗೆ ಹೇಳುವುದು ಸ್ವಲ್ಪವೇ. ಅದರ ಸದ್ದಿನ ವ್ಯವಸ್ಥೆಯಾದ ಆಲ್ಸಾದ ಡ್ರೈವರ್‌ಗಳು ಕರ್ನಲ್ (ಲಿನಕ್ಸಿನ ತಿರುಳು) ಜೊತೆಗೇ ಬರುತ್ತವೆ. ಎನ್ಸೋನಿಕ್, ಲೈವ್ ಎರಡೂ ತಾವಾಗಿಯೇ ಏಳುತ್ತವೆ. ಮೇಲೆ ಹೇಳಿದ ಡೆಲ್‌ನ ಎಸ್‌ಬಿ0200ಕ್ಕೂ ಅಲ್ಲಿ ಪ್ರತ್ಯೇಕ ಡ್ರೈವರ್ ಉಂಟು. ತೊಡಕು ಇರುವುದು ಯಂತ್ರದಲ್ಲಿ. 32 ಬಿಟ್ಟಿನ ಹಳೆಯ ಪ್ರೊಸೆಸರ್‌ಗಳನ್ನು ಹೊಸ ಲಿನಕ್ಸ್‌ಗಳು ಒಂದೊಂದಾಗಿ ಕೈಬಿಡುತ್ತಿವೆ. ಡೆಬಿಯನ್ 13ರಲ್ಲಿ 32 ಬಿಟ್ಟಿನ ಇನ್‌ಸ್ಟಾಲರೇ ಇಲ್ಲ, 12ರಲ್ಲಿ ಉಂಟು. ಮೆಮೊರಿ ಕಡಿಮೆ ಇರುವ ಪೆಂಟಿಯಂ 3ಕ್ಕಿಂತ, ಪಿಸಿಐ ಸ್ಲಾಟ್ ಇರುವ ಸ್ವಲ್ಪ ಈಚಿನ ಯಂತ್ರಕ್ಕೆ ಈ ದಾರಿ ಸರಿ.

ಕಾರ್ಡಿನ ಮೇಲೆ ಪ್ರೀತಿ ಇಲ್ಲ, ಆಟ ಮಾತ್ರ ಸಾಕು ಎನ್ನುವವರು ಈಗಿನ ಲ್ಯಾಪ್‌ಟಾಪಿನಲ್ಲಿ ಡಾಸ್‌ಬಾಕ್ಸ್ ಹಾಕಿಕೊಳ್ಳಿ. ಅದು ಸೌಂಡ್ ಬ್ಲಾಸ್ಟರ್ 16 ಅನ್ನು ಒಳಗೇ ಅನುಕರಿಸುತ್ತದೆ, ಡ್ರೈವರ್ ಮಾತೇ ಇಲ್ಲ.

ಇದರ ಹತ್ತಿರ ಹೋಗಬೇಡಿ

ಹುಡುಕಿದ ಕೂಡಲೇ ಎಲ್ಲಕ್ಕಿಂತ ಮೇಲೆ ಕಾಣುವುದು "ನಿಮ್ಮ ಡ್ರೈವರ್ ಇಲ್ಲಿದೆ" ಎಂಬ ದೊಡ್ಡ ಹಸಿರು ಗುಂಡಿಯ ತಾಣಗಳು. ಅವು ಕೊಡುವುದು ಹೆಚ್ಚಾಗಿ "ಡ್ರೈವರ್ ಅಪ್‌ಡೇಟರ್" ಎಂಬ ಬೇರೆಯೇ ಪ್ರೋಗ್ರಾಂ. ಪರಿಚಯದ ಡಿಟಿಪಿ ಅಂಗಡಿಯೊಂದರ ಯಂತ್ರ ಇಂಥದ್ದನ್ನು ಹಾಕಿ ಕೆಟ್ಟುಹೋಗಿ, ಲಗ್ನಪತ್ರಿಕೆಗಳ ಹಳೆಯ ಕಡತಗಳೆಲ್ಲ ಹೋದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗುರುತು ಹಿಡಿಯುವುದು ಕಷ್ಟವಿಲ್ಲ. ಗಾತ್ರ ನೋಡಿ: ಡಾಸ್ ಡ್ರೈವರ್ ಫ್ಲಾಪಿಯಲ್ಲಿ ಹಂಚುತ್ತಿದ್ದ ಸಾಮಾನು, 1.44 ಎಂಬಿಯ ಒಂದೋ ಎರಡೋ ಫ್ಲಾಪಿಯಷ್ಟು. ಹೊಸ ಯಂತ್ರದಲ್ಲಿ 7-ಜಿಪ್ ಹಾಕಿ, ಕಡತವನ್ನು ಓಡಿಸದೆ ಬಿಚ್ಚಿ ನೋಡಿ. ಒಳಗಿನ ಕಡತಗಳ ತಾರೀಕು ಕಾರ್ಡಿನ ಕಾಲದ್ದಾಗಿರಬೇಕು. ವಿಂಡೋಸ್ ಡ್ರೈವರಾದರೆ ಐಎನ್‌ಎಫ್ ಎಂಬ ಕೊನೆ ಇರುವ ಕಡತ ಇದ್ದೇ ಇರುತ್ತದೆ. ಪಿಸಿಐ ಕಾರ್ಡಾದರೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಬಯೋಸ್ ಪಟ್ಟಿಯಲ್ಲಿ ಕಂಡ ನಿಮ್ಮ ಎರಡು ಸಂಖ್ಯೆ ಹುಡುಕಿ. ಸಿಕ್ಕಿದರೆ ಡ್ರೈವರ್ ನಿಮ್ಮ ಕಾರ್ಡಿನದ್ದು. ಸಿಗದಿದ್ದರೆ ಪುಟದಲ್ಲಿ ಏನೇ ಬರೆದಿರಲಿ, ನಿಮ್ಮದಲ್ಲ. ಈ ಒಂದು ಪರೀಕ್ಷೆ ನನಗೆ ಉಳಿಸಿದ ಸಮಯಕ್ಕೆ ಲೆಕ್ಕವಿಲ್ಲ.

ಹಳೆಯ ಯಂತ್ರಕ್ಕೆ ದಾಟಿಸುವುದು

ಡ್ರೈವರ್ ಸಿಕ್ಕಿದ ಮೇಲೆ ಪೆನ್ ಡ್ರೈವ್ ಚುಚ್ಚಿದರೆ 98 ಅದನ್ನು ಗುರುತಿಸುವುದಿಲ್ಲ, ಅದಕ್ಕೇ ಮತ್ತೊಂದು ಡ್ರೈವರ್ ಬೇಕು. ಸಿಡಿಗೆ ಬರೆದು ಕೊಂಡೊಯ್ಯುವುದು ಸರಳ. ವಿಂಡೋಸ್ ಸಿಡಿಯಲ್ಲಿನ ವಿನ್98 ಫೋಲ್ಡರನ್ನು ಪೂರ್ತಿಯಾಗಿ ಹಾರ್ಡ್ ಡಿಸ್ಕಿಗೆ ನಕಲಿಸಿಟ್ಟರೆ, ಡ್ರೈವರ್ ಹಾಕುವಾಗ ಅದು ಪದೇಪದೇ ಸಿಡಿ ಕೇಳುವ ಕಿರಿಕಿರಿ ತಪ್ಪುತ್ತದೆ.

ಎಲ್ಲ ಸರಿ ಇದ್ದೂ ಸದ್ದು ಬರದಿದ್ದರೆ ಡ್ರೈವರನ್ನು ದೂರುವ ಮೊದಲು ಕಾರ್ಡ್ ಹೊರತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಸಮುದ್ರದ ಹತ್ತಿರದ ಊರಿನಲ್ಲಿ ಇದು ಬಹಳ ಸಲ ಸಾಕಾಗುತ್ತದೆ. ಆಮೇಲೆ ಐಆರ್‌ಕ್ಯೂ. 7 ಪ್ರಿಂಟರ್ ಪೋರ್ಟಿನದ್ದು, ಅದಕ್ಕೇ 5 ಮೇಲು. 5ನ್ನು ನೆಟ್‌ವರ್ಕ್ ಕಾರ್ಡ್ ಹಿಡಿದುಕೊಂಡಿದ್ದರೆ ಬಯೋಸ್‌ನಲ್ಲಿ ಅದನ್ನು ಐಎಸ್‌ಎಗೆಂದು ಕಾದಿರಿಸಿ.

ಮಾವನ ಕ್ಯಾಸೆಟ್‌ಗಳ ಕೆಲಸ ಚೌತಿಗೆ ಮೊದಲೇ ಶುರುವಾಯಿತು. ಟೇಪ್ ರೆಕಾರ್ಡರಿನ ಲೈನ್-ಔಟ್‌ನಿಂದ ಕಾರ್ಡಿನ ಲೈನ್-ಇನ್‌ಗೆ ತಂತಿ ಎಳೆದೆವು. ಮೈಕ್ ತೂತಿಗೆ ಹಾಕಿದರೆ ಸದ್ದು ಒಡೆಯುತ್ತದೆ. ರೆಕಾರ್ಡಿಂಗ್ 48,000 ಹರ್ಟ್ಜ್‌ನಲ್ಲಿ ಇಟ್ಟೆವು. ಇಎಸ್1371, ಲೈವ್ ಎರಡೂ ಒಳಗೆ ಆ ವೇಗದಲ್ಲೇ ಕೆಲಸ ಮಾಡುತ್ತವೆ, 44,100 ಆರಿಸಿದರೆ ನಡುವೆ ಒಂದು ಪರಿವರ್ತನೆ ಸುಮ್ಮನೆ ಆಗುತ್ತದೆ. 16 ಬಿಟ್ ಸ್ಟೀರಿಯೋದಲ್ಲಿ ಒಂದು ಗಂಟೆಯ ಕ್ಯಾಸೆಟ್‌ಗೆ ಸುಮಾರು 690 ಎಂಬಿ ಜಾಗ ಬೇಕು. ಮೊದಲ ಕ್ಯಾಸೆಟ್‌ನಲ್ಲಿ ಚೆಂಡೆ ಬಿದ್ದು ಭಾಗವತರ ಪದ ಎದ್ದಾಗ ಮಾವ ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡರು, ಊಟಕ್ಕೆ ಕರೆದರೂ ಏಳಲಿಲ್ಲ.

ಎರಡೂ ಕಾರ್ಡುಗಳ ಡ್ರೈವರ್‌ಗಳನ್ನು ಈಗ ಚಿಪ್ ಸಂಖ್ಯೆಯ ಹೆಸರಿಟ್ಟ ಎರಡು ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಒಂದು ಪ್ರತಿ ಯಂತ್ರದಲ್ಲೇ, ಒಂದು ನನ್ನ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಸಿಡಿಯಲ್ಲಿ. ಆ ಸಿಡಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಹೋಗದ ಡಬ್ಬಿಗೆ ಹಾಕಿ ಮಾವನ ಮನೆಗೆ ಕಳಿಸಿದೆ.